ವಿಯೆಟ್ನಾಮಿಗರ ಕಣ್ಣಿನಲ್ಲಿ ವಿಯೆಟ್ನಾಂ: ಯಾವ ಚಿತ್ರದಿಂದ ತೊಡಗಬೇಕು?

ಪ್ರಶ್ನೆ: ವಿಯೆಟ್ನಾಂ ಬಗ್ಗೆ ನಾನು ನೋಡಿರುವ ಸಿನಿಮಾಗಳೆಲ್ಲ ಅಮೆರಿಕದವರು ಮಾಡಿದ ಯುದ್ಧಚಿತ್ರಗಳೇ. ಅಲ್ಲಿನ ಜನರ ಬದುಕು, ಇತಿಹಾಸ, ಸಂಸ್ಕೃತಿಯನ್ನು ತಿಳಿಯಲು ಯಾವ ಚಿತ್ರಗಳನ್ನು ನೋಡಬೇಕು? ಅಲ್ಲಿನ ಸರ್ಕಾರವೇ ತಯಾರಿಸಿದ ಹಳೆಯ ಚಿತ್ರಗಳು ಬರೀ ಪ್ರಚಾರವೆಂದು ಕೇಳಿದ್ದೇನೆ, ಅದು ನಿಜವೇ? ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳೊಂದಿಗೆ ಕುಳಿತು ನೋಡುವಂಥವು ಇವೆಯೇ?

ಉತ್ತರ: ನೀವು ನೋಡಿರಬಹುದಾದ ಪ್ರಸಿದ್ಧ ಅಮೆರಿಕನ್ ಚಿತ್ರಗಳಲ್ಲಿ 'ಅಪೊಕ್ಯಾಲಿಪ್ಸ್ ನೌ' ಮತ್ತು 'ಪ್ಲಟೂನ್' ಚಿತ್ರೀಕರಣಗೊಂಡದ್ದು ಫಿಲಿಪ್ಪೀನ್ಸಿನಲ್ಲಿ, 'ದ ಡೀರ್ ಹಂಟರ್' ಚಿತ್ರದ ಯುದ್ಧದ ಭಾಗ ಥಾಯ್ಲೆಂಡಿನಲ್ಲಿ, 'ಫುಲ್ ಮೆಟಲ್ ಜಾಕೆಟ್' ಇಂಗ್ಲೆಂಡಿನಲ್ಲಿ. ಅವುಗಳಲ್ಲಿ ಕೆಲವು ಕಲಾಕೃತಿಗಳಾಗಿ ದೊಡ್ಡವೇ ಆದರೂ ವಿಯೆಟ್ನಾಮಿನ ನೆಲವಾಗಲಿ ಮಾತಾಗಲಿ ಅವುಗಳಿಗೆ ಮುಖ್ಯವಾಗಿರಲಿಲ್ಲ. ಅಮೆರಿಕದ ಸೈನಿಕನ ಮನಸ್ಸಿನಲ್ಲಿ ಏನಾಯಿತೆಂಬುದೇ ಅವುಗಳ ವಿಷಯ. ವಿಯೆಟ್ನಾಮಿಗರೇ ಮಾಡಿದ ಚಿತ್ರಗಳಲ್ಲಿ ನಮಗೆ ಮೊದಲು ಕಾಣಿಸುವುದು ಮನೆ, ಆ ಮನೆಯೊಳಗೆ ಪೂರ್ವಿಕರಿಗೆ ಧೂಪ ಹಚ್ಚುವ ಪೀಠ, ಅದರ ಎದುರು ನಿಂತ ಹೆಣ್ಣುಮಗಳು. ಯುದ್ಧ, ವಸಾಹತು ಆಡಳಿತ, ಬಡತನ, ವಲಸೆ ಎಲ್ಲವೂ ಆ ಹೊಸ್ತಿಲನ್ನು ದಾಟಿಕೊಂಡೇ ಒಳಗೆ ಬರುತ್ತವೆ. ಸತ್ತವರು ಮನೆ ಬಿಟ್ಟು ಹೋಗುವುದಿಲ್ಲ, ಅವರಿಗೆ ಬದುಕಿರುವವರು ಸಲ್ಲಿಸಬೇಕಾದ ಋಣ ಮುಗಿಯುವುದಿಲ್ಲ ಎಂಬ ನಂಬಿಕೆಯನ್ನು ಗಮನದಲ್ಲಿಟ್ಟುಕೊಂಡು ನೋಡಿದರೆ, ಅರವತ್ತು ವರ್ಷಗಳಿಗೂ ಹೆಚ್ಚಿನ ಅವಧಿಯ ಈ ಚಿತ್ರಗಳಿಗೆ ಒಂದು ದಾರಿ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹುಡುಕಲು ಅನುಕೂಲವಾಗಲೆಂದು ಚಿತ್ರಗಳನ್ನು ಹೊರದೇಶಗಳಲ್ಲಿ ಬಳಕೆಯಲ್ಲಿರುವ ಹೆಸರಿನಿಂದಲೇ ಕರೆಯುತ್ತೇನೆ.

ನೀವು ಒಂದೇ ಒಂದು ಚಿತ್ರ ನೋಡುವುದಾದರೆ ಡಾಂಗ್ ನ್ಯಾಟ್ ಮಿನ್ ಅವರ 1984ರ ಕಪ್ಪು ಬಿಳುಪು ಚಿತ್ರ 'ವೆನ್ ದ ಟೆಂತ್ ಮಂತ್ ಕಮ್ಸ್' ನೋಡಿ. ಉತ್ತರ ವಿಯೆಟ್ನಾಮಿನ ಒಂದು ಹಳ್ಳಿಯ ಸೊಸೆ ಜುಯೆನ್, ಗಡಿಯಲ್ಲಿರುವ ಗಂಡನನ್ನು ನೋಡಲು ಹೋದವಳು, ಅವನು ತೀರಿಕೊಂಡ ಸುದ್ದಿಯೊಂದಿಗೆ ಹಿಂದಿರುಗುತ್ತಾಳೆ. ಮನೆಯಲ್ಲಿ ಕಾಯಿಲೆ ಬಿದ್ದ ಮಾವ, ಚಿಕ್ಕ ಮಗ. ಮುದುಕನ ಜೀವ ಆ ಸುದ್ದಿಯನ್ನು ತಡೆಯಲಾರದೆಂದು ಅವಳು ಅದನ್ನು ಮುಚ್ಚಿಡುತ್ತಾಳೆ. ಊರಿನ ಶಾಲೆಯ ಮೇಷ್ಟ್ರು ಖಾಂಗ್ ಅವರನ್ನು ಬೇಡಿಕೊಂಡು, ಗಂಡನ ಹೆಸರಿನಲ್ಲಿ ಮನೆಗೆ ಕಾಗದ ಬರೆಸುತ್ತಾಳೆ. ಆ ಕಾಗದಗಳು ಮನೆಯವರಿಗೆ ಸಂತೋಷ ತರುತ್ತವೆ, ಅವಳನ್ನು ಮಾತ್ರ ಒಳಗೊಳಗೇ ಸುಡುತ್ತವೆ. ಮೇಷ್ಟ್ರಿಗೂ ಅವಳಿಗೂ ನಡುವೆ ಏನೋ ಇದೆಯೆಂದು ಊರಿನ ಬಾಯಿ ಆಡಿಕೊಳ್ಳತೊಡಗುತ್ತದೆ. ಚಿತ್ರದಲ್ಲಿ ಒಂದು ಗುಂಡೂ ಹಾರುವುದಿಲ್ಲ. ಇನ್ನೊಂದು ವಿಷಯವನ್ನೂ ಗಮನಿಸಬೇಕು: ಗಂಡ ಸತ್ತದ್ದು ಅಮೆರಿಕದೊಡನೆ ನಡೆದ ಯುದ್ಧದಲ್ಲಲ್ಲ, ಅದು ಮುಗಿದ ಮೇಲೆ ಕಾಂಬೋಡಿಯಾದ ಕಡೆಯ ನೈಋತ್ಯ ಗಡಿಯಲ್ಲಿ ಹೊತ್ತಿಕೊಂಡ ಯುದ್ಧದಲ್ಲಿ. 1975ಕ್ಕೆ ವಿಯೆಟ್ನಾಮಿನ ಯುದ್ಧ ಮುಗಿಯಿತೆಂದು ತಿಳಿದಿರುವ ನಮ್ಮಂಥ ಹೊರಗಿನವರಿಗೆ, ಆ ಹಳ್ಳಿಗಳಿಗೆ ಸಾವಿನ ಸುದ್ದಿ ಬರುವುದು ನಿಂತೇ ಇರಲಿಲ್ಲ ಎಂಬುದು ಈ ಚಿತ್ರದಿಂದ ತಿಳಿಯುತ್ತದೆ.

ಇದರಲ್ಲಿ ಎರಡು ದೃಶ್ಯಗಳನ್ನು ನಿಧಾನವಾಗಿ ನೋಡಬೇಕು. ನಮ್ಮ ಊರುಗಳ ಬಯಲಾಟದ ಹಾಗೆ ಉತ್ತರ ವಿಯೆಟ್ನಾಮಿನ ಹಳ್ಳಿಗಳಲ್ಲಿ ಚೆಯೋ ಎಂಬ ಹಾಡು ಅಭಿನಯಗಳ ರಂಗಪ್ರಕಾರವಿದೆ. ಊರಿನ ಆಟದಲ್ಲಿ ಜುಯೆನ್‌ಗೆ ಸಿಗುವ ಪಾತ್ರ, ಯುದ್ಧಕ್ಕೆ ಹೊರಟ ಗಂಡನನ್ನು ಬೀಳ್ಕೊಡುವ ಹೆಂಡತಿಯದು. ಬಣ್ಣ ಹಚ್ಚಿಕೊಂಡು ರಂಗಕ್ಕೆ ಬಂದವಳು, ಇಡೀ ಊರು ಎದುರು ಕುಳಿತು ನೋಡುತ್ತಿರುವಾಗ, ಹಾಡಿನ ನಡುವೆ ತಡೆಯಲಾರದೆ ಒಡೆದುಹೋಗಿ ರಂಗ ಬಿಟ್ಟು ಓಡುತ್ತಾಳೆ. ಪಾತ್ರದ ದುಃಖ ಯಾವುದು, ಅವಳದು ಯಾವುದು ಎಂಬುದು ನೋಡುವ ನಮಗೆ ಗೊತ್ತು, ಕುಳಿತ ಊರಿಗೆ ಗೊತ್ತಿಲ್ಲ. ನಟಿ ಲೆ ವಾನ್ ಅವರ ಮುಖದಲ್ಲಿ ಆ ಕ್ಷಣ ಆಗುವ ಬದಲಾವಣೆಯನ್ನು ನೋಡಿದರೆ ಚಿತ್ರ ಏಕೆ ಇಷ್ಟು ವರ್ಷ ಉಳಿದಿದೆಯೆಂದು ಅರ್ಥವಾಗುತ್ತದೆ.

ಎರಡನೆಯದು ಸತ್ತವರೂ ಬದುಕಿರುವವರೂ ಸೇರುವ ಸಂತೆಯ ದೃಶ್ಯ. ಚಾಂದ್ರಮಾನದ ಏಳನೆಯ ತಿಂಗಳ ಹುಣ್ಣಿಮೆಯನ್ನು ಅಲ್ಲಿನವರು ಸತ್ತವರ ಆತ್ಮಗಳಿಗೆ ಬಿಡುಗಡೆ ಸಿಗುವ ದಿನವೆಂದು ಆಚರಿಸುತ್ತಾರೆ. ಆ ನಂಬಿಕೆಯನ್ನು ಆಧರಿಸಿ ನಿರ್ದೇಶಕರು ಜುಯೆನ್‌ಳನ್ನು ಆ ಸಂತೆಗೆ ಕರೆದೊಯ್ದು, ಗಂಡನನ್ನು ಒಮ್ಮೆ ಭೇಟಿಯಾಗಲು ಬಿಡುತ್ತಾರೆ. ವಿಚಾರವಾದವನ್ನೂ ಸಮಾಜವಾದವನ್ನೂ ಬೋಧಿಸುತ್ತಿದ್ದ ಸರ್ಕಾರಿ ಸ್ಟುಡಿಯೋದ ಚಿತ್ರದಲ್ಲಿ ಇಂಥ ದೃಶ್ಯ ಇರಬಹುದೇ, ಇದು ಮೂಢನಂಬಿಕೆಯಲ್ಲವೇ ಎಂಬ ಪ್ರಶ್ನೆ ಎದ್ದು, ಚಿತ್ರ ಅನೇಕ ಸುತ್ತಿನ ಪರಿಶೀಲನೆಗಳನ್ನು ದಾಟಿ ಹೊರಬರಬೇಕಾಯಿತು. ಆ ದೃಶ್ಯವನ್ನು ಕತ್ತರಿಸಿದ್ದರೆ ಉಳಿಯುತ್ತಿದ್ದುದು ಒಳ್ಳೆಯ ಸೊಸೆಯೊಬ್ಬಳ ಕಥೆ ಮಾತ್ರ. 2008ರಲ್ಲಿ ಸಿಎನ್‌ಎನ್ ವಾಹಿನಿ ಏಷ್ಯಾದ ಅತ್ಯುತ್ತಮ 18 ಚಿತ್ರಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ಈ ಚಿತ್ರವೂ ಇತ್ತು.

ಡಾಂಗ್ ನ್ಯಾಟ್ ಮಿನ್ 1938ರಲ್ಲಿ ಹುವೆ ಪಟ್ಟಣದಲ್ಲಿ ಹುಟ್ಟಿದವರು. ರಷ್ಯನ್ ಭಾಷಾಂತರಕಾರರಾಗಿ ಚಿತ್ರರಂಗಕ್ಕೆ ಬಂದವರು. ಅವರ ತಂದೆ ಡಾಕ್ಟರ್ ಡಾಂಗ್ ವಾನ್ ನ್ಗು 1967ರಲ್ಲಿ ಟ್ರುವಾಂಗ್ ಸೋನ್ ಪರ್ವತಶ್ರೇಣಿಯಲ್ಲಿ ಮಲೇರಿಯಾ ಕುರಿತು ಸಂಶೋಧನೆ ನಡೆಸುತ್ತಿದ್ದಾಗ ಅಮೆರಿಕದ ಬಾಂಬ್ ದಾಳಿಯಲ್ಲಿ ಸತ್ತರು. ಇದನ್ನು ತಿಳಿದುಕೊಂಡು ಅವರ 2009ರ 'ಡೋಂಟ್ ಬರ್ನ್' ನೋಡಿದರೆ ಅದರ ತೂಕ ಬೇರೆಯಾಗುತ್ತದೆ. ಹನೋಯಿಯ ಯುವ ವೈದ್ಯೆ ಡಾಂಗ್ ಥುಯಿ ಟ್ರಾಮ್ ದಕ್ಷಿಣದ ಕ್ವಾಂಗ್ ನ್ಗಾಯ್ ಪ್ರಾಂತ್ಯದ ಗುಡ್ಡಗಾಡಿನ ಚಿಕಿತ್ಸಾ ಶಿಬಿರದಲ್ಲಿ ಕೆಲಸ ಮಾಡುತ್ತ, 1970ರಲ್ಲಿ 27ನೆಯ ವಯಸ್ಸಿನಲ್ಲಿ ಅಮೆರಿಕದ ಸೈನಿಕರ ಗುಂಡಿಗೆ ಬಲಿಯಾದರು. ಅವರ ದಿನಚರಿ ಅಮೆರಿಕದ ಸೇನಾ ಗುಪ್ತಚರ ಅಧಿಕಾರಿಯೊಬ್ಬರ ಕೈಗೆ ಸಿಕ್ಕಿತು. ಬೇಡದ ಕಾಗದಪತ್ರಗಳನ್ನು ಸುಡುವಾಗ, ಅವರ ಜೊತೆಗಿದ್ದ ವಿಯೆಟ್ನಾಮಿ ದುಭಾಷಿ, ಇದನ್ನು ಸುಡಬೇಡಿ, ಇದರೊಳಗೆ ಆಗಲೇ ಬೆಂಕಿಯಿದೆ ಎಂಬರ್ಥದ ಮಾತು ಹೇಳಿ ತಡೆದರು. ಆ ಅಧಿಕಾರಿ ಮೂರು ದಶಕಗಳಿಗೂ ಹೆಚ್ಚು ಕಾಲ ಅದನ್ನು ಕಾಪಾಡಿಕೊಂಡು, ಕೊನೆಗೆ 2005ರಲ್ಲಿ ಅದು ವೈದ್ಯೆಯ ತಾಯಿಯನ್ನು ತಲುಪುವಂತೆ ಮಾಡಿದರು. ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡ ನಿರ್ದೇಶಕರು, ಶತ್ರುವಿನ ಮನೆಯಲ್ಲಿ ಕಾಗದದ ರೂಪದಲ್ಲಿ ಬದುಕಿದ್ದ ಮಗಳ ಕಥೆಯನ್ನು ಎಳ್ಳಷ್ಟೂ ದ್ವೇಷವಿಲ್ಲದೆ ಹೇಳಿದ್ದಾರೆ. ಅಮೆರಿಕದಲ್ಲಿ ನಡೆಯುವ ಭಾಗದ ಅಭಿನಯ ಸಪ್ಪೆಯಾಗಿದೆಯೆಂಬುದನ್ನು ನಾನು ಒಪ್ಪುತ್ತೇನೆ. ಆದರೂ ಮಗಳೊಂದಿಗೆ ನೋಡಲು ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ಇನ್ನು ಪ್ರಚಾರದ ಪ್ರಶ್ನೆ. ಅಲ್ಲಿನ ಸಿನಿಮಾ ಹುಟ್ಟಿದ್ದೇ ಸರ್ಕಾರದ ಮಡಿಲಲ್ಲಿ. ಫ್ರೆಂಚರೊಡನೆ ಯುದ್ಧ ನಡೆಯುತ್ತಿದ್ದಾಗಲೇ, 1953ರ ಮಾರ್ಚ್ 15ರಂದು, ಹೋ ಚಿ ಮಿನ್ ಅವರು ರಾಷ್ಟ್ರೀಯ ಚಲನಚಿತ್ರ ಮತ್ತು ಛಾಯಾಗ್ರಹಣ ಸಂಸ್ಥೆಯ ಸ್ಥಾಪನೆಯ ಆದೇಶಕ್ಕೆ ಸಹಿ ಹಾಕಿದರು. 1954ರ ಜಿನೀವಾ ಒಪ್ಪಂದ ದೇಶವನ್ನು 17ನೆಯ ಅಕ್ಷಾಂಶದ ಬಳಿ ಎರಡಾಗಿ ಸೀಳಿದ ಮೇಲೆ, ಉತ್ತರದವರು 1959ರಲ್ಲಿ ತಯಾರಿಸಿದ ಮೊದಲ ಕಥಾಚಿತ್ರವೂ ಆ ಗಡಿಯಲ್ಲಿ ಹರಿಯುವ ಬೆನ್ ಹಾಯ್ ನದಿಯ ಎರಡು ದಡಗಳಲ್ಲಿ ಬೇರ್ಪಟ್ಟ ಪ್ರೇಮಿಗಳದೇ ಕಥೆ. ಇವುಗಳಿಗೆ ಉದ್ದೇಶವಿತ್ತು, ಆಳುವ ಕಮ್ಯುನಿಸ್ಟ್ ಪಕ್ಷದ ಒಪ್ಪಿಗೆಯ ಮುದ್ರೆಯಿತ್ತು, ಇದರಲ್ಲಿ ಅನುಮಾನವಿಲ್ಲ. ಆದರೆ ಯಾರ ದುಡ್ಡಿನಲ್ಲಿ ತಯಾರಾಯಿತು ಎಂಬುದೊಂದರಿಂದಲೇ ಚಿತ್ರವೊಂದರ ಸತ್ಯಾಸತ್ಯ ತೀರ್ಮಾನವಾಗುವುದಾದರೆ, ಜಗತ್ತಿನ ಅರ್ಧ ಸಿನಿಮಾವನ್ನು ನಾವು ನೋಡದೆಯೇ ಬಿಡಬೇಕಾಗುತ್ತದೆ. ಕ್ಯಾಮೆರಾವನ್ನು ಎಲ್ಲಿ ಇಟ್ಟಿದ್ದಾರೆ, ಎಷ್ಟು ಹೊತ್ತು ಇಟ್ಟಿದ್ದಾರೆ ಎಂದು ನೋಡುವುದು ಹೆಚ್ಚು ನಂಬಲರ್ಹವಾದ ಪರೀಕ್ಷೆ.

ಉದಾಹರಣೆಗೆ, ನ್ಗುಯೆನ್ ಹೋಂಗ್ ಸೆನ್ ಅವರ 1979ರ 'ದಿ ಅಬ್ಯಾಂಡನ್ಡ್ ಫೀಲ್ಡ್' ತೆಗೆದುಕೊಳ್ಳಿ. ಮೆಕಾಂಗ್ ಬಯಲಿನ ಡೋಂಗ್ ಥಾಪ್ ಮುವಾಯ್ ಎಂಬ ಜೊಂಡು ತುಂಬಿದ ಜೌಗು ಪ್ರದೇಶದಲ್ಲಿ, ಕಣ್ಣು ಹಾಯುವಷ್ಟು ದೂರ ನೀರಿನ ನಡುವೆ, ಒಂದು ಗುಡಿಸಲು. ಅದರಲ್ಲಿ ಗಂಡ, ಹೆಂಡತಿ, ಒಂದು ಎಳೆಗೂಸು. ಹೋರಾಟಗಾರರ ಸಂಪರ್ಕದ ದಾರಿಯನ್ನು ಕಾಯುವುದು ದಂಪತಿಯ ಕೆಲಸ. ಮೇಲೆ ಅಮೆರಿಕದ ಹೆಲಿಕಾಪ್ಟರ್‌ಗಳು ಕಂಡದ್ದನ್ನೆಲ್ಲ ಸುಡುವ ಅಧಿಕಾರದೊಂದಿಗೆ ಸುತ್ತುತ್ತಿರುತ್ತವೆ. ಸದ್ದು ಹತ್ತಿರ ಬಂದಾಗ ಅಪ್ಪ ಅಮ್ಮ ಮಗುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿದು, ತಮ್ಮೊಂದಿಗೆ ನೀರಿನೊಳಗೆ ಮುಳುಗಿಸುತ್ತಾರೆ. ಹೆಲಿಕಾಪ್ಟರ್ ದಾಟಿದೊಡನೆ ಮೇಲೆತ್ತಿ ಚೀಲ ಬಿಚ್ಚುತ್ತಾರೆ. ಮಗು ಉಸಿರೆಳೆದು ಅಳುವವರೆಗೆ ನೋಡುವವರ ಉಸಿರೂ ಕಟ್ಟಿರುತ್ತದೆ. ಅಮೆರಿಕನ್ ಚಿತ್ರಗಳಲ್ಲಿ ಹೆಲಿಕಾಪ್ಟರಿನ ಬಾಗಿಲಿನಿಂದ ಕೆಳಗೆ ಕಾಣುವ ಹಸಿರು ಬಯಲನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಇಲ್ಲಿ ಅದೇ ಹೆಲಿಕಾಪ್ಟರನ್ನು ನೀರಿನ ಮಟ್ಟದಲ್ಲಿ, ಮೂಗು ಮಾತ್ರ ಹೊರಗಿಟ್ಟವರ ಕಣ್ಣಿನಿಂದ ನೋಡುತ್ತೀರಿ. ಕೊನೆಯಲ್ಲಿ ಹೊಡೆದುರುಳಿಸಿದ ಹೆಲಿಕಾಪ್ಟರಿನ ಅಮೆರಿಕನ್ ಪೈಲಟ್‌ನ ಬಳಿ ಅವನ ಹೆಂಡತಿ ಮತ್ತು ಮಗುವಿನ ಫೋಟೋ ಕಾಣಿಸುತ್ತದೆ. ಬರೀ ಪ್ರಚಾರಕ್ಕೆ ಆ ಫೋಟೋದ ಅಗತ್ಯವಿರಲಿಲ್ಲ. 1981ರ ಮಾಸ್ಕೋ ಚಿತ್ರೋತ್ಸವದಲ್ಲಿ ಚಿನ್ನದ ಪ್ರಶಸ್ತಿ ಪಡೆದ ಈ ಚಿತ್ರಕ್ಕೆ ಸಂಗೀತ ಕೊಟ್ಟವರು ಟ್ರಿನ್ ಕೋಂಗ್ ಸೋನ್. ಯುದ್ಧಕಾಲದ ದಕ್ಷಿಣದಲ್ಲಿ ಶಾಂತಿಗಾಗಿ ಹಾಡುಗಳನ್ನು ಕಟ್ಟಿ ಜನರ ನಾಲಗೆಯ ಮೇಲೆ ಉಳಿದವರು.

ಹಾಯ್ ನಿನ್ ಅವರ 1974ರ 'ದ ಲಿಟಲ್ ಗರ್ಲ್ ಆಫ್ ಹನೋಯಿ' ಇನ್ನೊಂದು. 1972ರ ಡಿಸೆಂಬರ್ 18ರಿಂದ 29ರವರೆಗೆ ಅಮೆರಿಕದ ಬಿ-52 ವಿಮಾನಗಳು ಹನೋಯಿ ಮತ್ತು ಸುತ್ತಲಿನ ಪ್ರದೇಶಗಳ ಮೇಲೆ ಬಾಂಬ್ ಸುರಿಸಿದವು. ಖಾಮ್ ಥಿಯೆನ್ ಎಂಬ ಜನನಿಬಿಡ ಬೀದಿ ಒಂದೇ ರಾತ್ರಿಯಲ್ಲಿ ಇಟ್ಟಿಗೆಯ ರಾಶಿಯಾಯಿತು. ಪಿಟೀಲಿನ ಪೆಟ್ಟಿಗೆ ಹಿಡಿದ ಪುಟ್ಟ ಹುಡುಗಿಯೊಬ್ಬಳು ತನ್ನವರನ್ನು ಹುಡುಕುತ್ತ ಆ ಅವಶೇಷಗಳ ನಡುವೆ ನಡೆಯುವ ಕಥೆ ಇದು. ದಾಳಿ ಮುಗಿದು ಹೆಚ್ಚು ಕಾಲವಾಗುವ ಮೊದಲೇ ತೆಗೆದ ಚಿತ್ರವಾದ್ದರಿಂದ ಕಾಣುವ ನಗರವೂ ಅದರ ಗಾಯಗಳೂ ಸೆಟ್ ಅಲ್ಲ. ಕ್ಷಿಪಣಿ ದಳದವರ ಶೌರ್ಯವನ್ನು ಹೊಗಳುವ ಭಾಗಗಳು ಆ ಕಾಲದ ಕರ್ತವ್ಯವೆಂದು ಸ್ಪಷ್ಟವಾಗಿಯೇ ತಿಳಿಯುತ್ತದೆ; ಅವುಗಳನ್ನು ದಾಟಿ ಆ ಮಗುವಿನ ಮುಖವನ್ನು ನೋಡಿ.

ಸರ್ಕಾರಿ ಸ್ಟುಡಿಯೋದೊಳಗಿಂದಲೇ ಸರ್ಕಾರಕ್ಕೆ ಇರಿಸುಮುರಿಸು ಉಂಟುಮಾಡಿದವರೂ ಇದ್ದರು. ಸಾಕ್ಷ್ಯಚಿತ್ರಕಾರ ಟ್ರಾನ್ ವಾನ್ ಥುಯಿ 1982ರಲ್ಲಿ 'ಹನೋಯಿ ಇನ್ ಹೂಸ್ ಐಸ್' ಮಾಡಿದರು. ಹಳೆಯ ಕಾಲದ ಕವಿಗಳನ್ನೂ ನ್ಯಾಯವಂತ ಅಧಿಕಾರಿಗಳನ್ನೂ ನೆನೆಯುತ್ತ ನಗರದ ಬೀದಿಗಳಲ್ಲಿ ಓಡಾಡುವ ಆ ಚಿತ್ರ, ಆಗ ಆಳುತ್ತಿದ್ದವರನ್ನು ಅವರೊಂದಿಗೆ ಹೋಲಿಸುತ್ತಿದೆಯೆಂಬ ಸಂದೇಹಕ್ಕೆ ಗುರಿಯಾಗಿ ತಡೆಹಿಡಿಯಲ್ಪಟ್ಟಿತು. ಮುಂದಿನದು 'ದ ಸ್ಟೋರಿ ಆಫ್ ಕೈಂಡ್‌ನೆಸ್'. ಸಾಯುತ್ತಿರುವ ಸಹೋದ್ಯೋಗಿಯೊಬ್ಬನಿಂದ ತೊಡಗಿ, ಒಳ್ಳೆಯತನವೆಂದರೆ ಏನೆಂದು ಕೇಳುತ್ತ ಬಡವರ ಮನೆಗಳಿಗೂ ಕುಷ್ಠರೋಗಿಗಳನ್ನು ನೋಡಿಕೊಳ್ಳುವ ಕ್ರೈಸ್ತ ಸಂನ್ಯಾಸಿನಿಯರ ಬಳಿಗೂ ಹೋಗುವ ಈ ಚಿತ್ರ, ಸಮಾಜದಲ್ಲಿ ಕರುಣೆ ಕಡಿಮೆಯಾಗಿದೆಯೆಂದು ನೇರವಾಗಿ ಹೇಳಿತು. 1986ರಲ್ಲಿ 'ದೋಯಿ ಮೋಯ್' ಎಂಬ ಸುಧಾರಣಾ ನೀತಿ ಬಂದ ಮೇಲೆ, 1987ರಲ್ಲಿ ಎರಡೂ ಚಿತ್ರಗಳು ಜನರ ಮುಂದೆ ಬಂದವು. ಮರುವರ್ಷ ಎರಡನೆಯದಕ್ಕೆ ಲೈಪ್ಜಿಗ್ ಸಾಕ್ಷ್ಯಚಿತ್ರೋತ್ಸವದಲ್ಲಿ ಬೆಳ್ಳಿ ಪಾರಿವಾಳ ಪ್ರಶಸ್ತಿ ಬಂದಿತು. ಸರ್ಕಾರಿ ಚಿತ್ರಗಳೆಲ್ಲ ಒಂದೇ ರಾಗ ಹಾಡಿದವೆಂದು ಯಾರಾದರೂ ಹೇಳಿದರೆ ಈ ಎರಡನ್ನು ಅವರಿಗೆ ತೋರಿಸಿ.

ಆದರೆ ಅವು ಹೇಳದೆ ಬಿಟ್ಟದ್ದು ಬಹಳವಿದೆ, ಅದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಅಮೆರಿಕದ ಬೆಂಬಲದೊಂದಿಗೆ ಹೋರಾಡಿ ಸೋತ ದಕ್ಷಿಣದ ಸೈನಿಕರು, 1975ರ ನಂತರ ಅವರನ್ನು ಕೂಡಿಹಾಕಿದ ಮರುಶಿಕ್ಷಣ ಶಿಬಿರಗಳು, ದೋಣಿಗಳಲ್ಲಿ ದೇಶ ಬಿಟ್ಟು ಹೊರಟು ಸಮುದ್ರದಲ್ಲಿ ಸತ್ತವರು, ಇವರ ಪಾಲಿಗೆ ಆ ಸಿನಿಮಾದಲ್ಲಿ ಜಾಗವಿರಲಿಲ್ಲ. ಅದಕ್ಕಾಗಿ ಹೊರದೇಶದಲ್ಲಿ ನೆಲೆಸಿದ ವಿಯೆಟ್ನಾಮಿಗರ ಚಿತ್ರಗಳ ಕಡೆ ಹೋಗಬೇಕು. ಹಾಮ್ ಟ್ರಾನ್ ಅವರ 2006ರ 'ಜರ್ನಿ ಫ್ರಮ್ ದ ಫಾಲ್' ಒಂದೇ ಕುಟುಂಬವನ್ನು ಹಿಡಿದು ಶಿಬಿರ, ದೋಣಿ, ಅಮೆರಿಕದ ಬಾಡಿಗೆ ಮನೆ ಮೂರನ್ನೂ ತೋರಿಸುತ್ತದೆ. ಅದನ್ನು ಥಾಯ್ಲೆಂಡಿನಲ್ಲಿ ಚಿತ್ರೀಕರಿಸಬೇಕಾಯಿತು. ಹಾಂಗ್‌ಕಾಂಗಿನ ಆನ್ ಹುಯಿ 1982ರಲ್ಲೇ ಮಾಡಿದ 'ಬೋಟ್ ಪೀಪಲ್' ಕೂಡ ಇದೇ ನೋವಿನದು, ಹೊರಗಿನವರ ಕಣ್ಣಿನದಾದರೂ. ಸರ್ಕಾರಿ ಸ್ಟುಡಿಯೋದ 'ದಿ ಅಬ್ಯಾಂಡನ್ಡ್ ಫೀಲ್ಡ್' ಮತ್ತು 'ಜರ್ನಿ ಫ್ರಮ್ ದ ಫಾಲ್' ಎರಡನ್ನೂ ಒಂದೇ ವಾರದಲ್ಲಿ ನೋಡಿದವರಿಗೆ ಆ ದೇಶದ ಇತಿಹಾಸ ಪುಸ್ತಕಗಳಿಗಿಂತ ಬೇಗ ತಿಳಿಯುತ್ತದೆ.

ವಲಸೆ ಹೋದವರಲ್ಲಿ ಅತ್ಯಂತ ಹೆಸರಾದವರು ಫ್ರಾನ್ಸಿನಲ್ಲಿ ಬೆಳೆದ ಟ್ರಾನ್ ಆನ್ ಹುಂಗ್. ಅವರ 1993ರ 'ದ ಸೆಂಟ್ ಆಫ್ ಗ್ರೀನ್ ಪಪಾಯ' ಕ್ಯಾನ್ ಉತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಪಡೆದು, ಆಸ್ಕರ್ ಅಂತಿಮ ಸುತ್ತಿಗೂ ವಿಯೆಟ್ನಾಮಿನ ಪರವಾಗಿ ಹೋಯಿತು. 1951ರ ಸೈಗಾನ್‌ನ (ಇಂದಿನ ಹೋ ಚಿ ಮಿನ್ ನಗರ) ಮನೆಯೊಂದಕ್ಕೆ ಕೆಲಸಕ್ಕೆಂದು ಬರುವ ಹತ್ತು ವರ್ಷದ ಹುಡುಗಿ ಮುಯ್ ಇದರ ಕೇಂದ್ರ. ಹಸಿ ಪಪಾಯಿಯನ್ನು ಚಾಕುವಿನಿಂದ ಕಚಕಚ ಕೊಚ್ಚಿ ಎಳೆಎಳೆಯಾಗಿ ಬಿಡಿಸುವುದು, ಕಾಯಿ ಕಿತ್ತ ತೊಟ್ಟಿನಿಂದ ಎಲೆಯ ಮೇಲೆ ತೊಟ್ಟಿಕ್ಕುವ ಹಾಲು, ಸೀಳಿದ ಕಾಯಿಯೊಳಗಿನ ಬಿಳಿ ಬೀಜಗಳನ್ನು ಅವಳು ಬೆರಳ ತುದಿಯಿಂದ ಮುಟ್ಟಿ ನೋಡುವುದು ಇವೇ ಅದರ ಘಟನೆಗಳು. ಇಷ್ಟೆಲ್ಲ ಹಸಿರು, ತೇವ, ಜೀರುಂಡೆಯ ಸದ್ದು ಇರುವ ಆ ಮನೆ ಪ್ಯಾರಿಸ್ ಹೊರವಲಯದ ಸ್ಟುಡಿಯೋದೊಳಗೆ ಕಟ್ಟಿದ್ದು. ಆದ್ದರಿಂದ ಇದನ್ನು ನೋಡಿ ಅಂದಿನ ಸೈಗಾನ್ ಹೀಗಿತ್ತೆಂದು ತಿಳಿಯಬಾರದು. ಚಿಕ್ಕಂದಿನಲ್ಲೇ ಊರು ಬಿಟ್ಟವನೊಬ್ಬನ ನೆನಪಿನ ಮನೆ ಅದು. ದುಡಿಯುವ ಹೆಂಗಸರ ಮೌನವನ್ನು ಅದು ಅತಿಯಾಗಿ ಸುಂದರಗೊಳಿಸಿತೆಂಬ ಆಕ್ಷೇಪದಲ್ಲೂ ಹುರುಳಿದೆ. ಅದೇ ನಿರ್ದೇಶಕರು 1995ರಲ್ಲಿ ನಿಜವಾದ ಹೋ ಚಿ ಮಿನ್ ನಗರದ ಬೀದಿಗಿಳಿದು ಸೈಕಲ್ ರಿಕ್ಷಾ ತುಳಿಯುವ ಹುಡುಗನ ಮೇಲೆ ಮಾಡಿದ 'ಸಿಕ್ಲೋ' ವೆನಿಸ್‌ನಲ್ಲಿ ಚಿನ್ನದ ಸಿಂಹ ಗೆದ್ದಿತು, ವಿಯೆಟ್ನಾಮಿನಲ್ಲಿ ನಿಷೇಧಕ್ಕೊಳಗಾಯಿತು. ಅದರ ಹಿಂಸೆ ಬಹಳ ತೀವ್ರವಾದದ್ದು.

ದಕ್ಷಿಣದ ನೀರಿನ ಸೀಮೆಯ ಬದುಕಿಗಾಗಿ ನ್ಗುಯೆನ್ ವೋ ನ್ಘಿಯೆಮ್ ಮಿನ್ ಅವರ 2004ರ 'ಬಫಲೋ ಬಾಯ್' ನೋಡಿ. ಫ್ರೆಂಚರ ಆಡಳಿತದ ಕಾಲದಲ್ಲಿ, ನೆರೆ ಬಂದು ಬಯಲೆಲ್ಲ ಮುಳುಗಿದಾಗ ಎಮ್ಮೆಗಳನ್ನು ಮೇವಿರುವ ಕಡೆಗೆ ಹೊಡೆದುಕೊಂಡು ಹೋಗುವ ಹುಡುಗನ ಕಥೆ. ನೆಲವೇ ನೀರಿನಡಿ ಹೋದಾಗ ಸತ್ತವರನ್ನು ಹೂಳುವುದೆಲ್ಲಿ ಎಂಬ ಪ್ರಶ್ನೆ ಅಲ್ಲಿ ಬರುತ್ತದೆ. ಮೊದಲು ಹೇಳಿದ ಋಣದ ಮಾತು ಎಷ್ಟು ಆಳದ್ದೆಂಬುದು ಆಗ ಗೊತ್ತಾಗುತ್ತದೆ.

ಇತ್ತೀಚಿನ ನಿರ್ದೇಶಕರೂ ಅದನ್ನೇ ಬೇರೆ ಬೇರೆ ಬಗೆಯಲ್ಲಿ ಹಿಡಿದಿದ್ದಾರೆ. 2023ರಲ್ಲಿ ಕ್ಯಾಮೆರಾ ದೋರ್ ಪಡೆದ ಫಾಮ್ ಥಿಯೆನ್ ಆನ್ ಅವರ 'ಇನ್ಸೈಡ್ ದ ಯೆಲ್ಲೋ ಕೊಕೂನ್ ಶೆಲ್', ರಸ್ತೆ ಅಪಘಾತದಲ್ಲಿ ಸತ್ತ ಅತ್ತಿಗೆಯ ಶವದೊಂದಿಗೂ ಬದುಕುಳಿದ ಅವಳ ಚಿಕ್ಕ ಮಗನೊಂದಿಗೂ ಸೈಗಾನಿನಿಂದ ಊರಿಗೆ ಹೊರಡುವ ಯುವಕನದು. ಆ ಊರು ಕ್ಯಾಥೊಲಿಕ್ ಕ್ರೈಸ್ತರದು. ವಿಯೆಟ್ನಾಂ ಎಂದರೆ ಬೌದ್ಧ ಗುಡಿಗಳು ಮಾತ್ರವೆಂದು ತಿಳಿದವರಿಗೆ ಇದು ಹೊಸದು. ಸುಮಾರು ಮೂರು ಗಂಟೆಯ ಈ ಚಿತ್ರದಲ್ಲಿ ಕತ್ತರಿ ಹಾಕದೆ ಬಹಳ ಹೊತ್ತು ಸಾಗುವ ಶಾಟ್‌ಗಳಿವೆ, ತಾಳ್ಮೆ ಬೇಕು. ಟ್ರುವಾಂಗ್ ಮಿನ್ ಕ್ವಿ ಅವರ 2024ರ 'ವಿಯೆಟ್ ಅಂಡ್ ನಾಮ್' ಇಬ್ಬರು ಗಣಿ ಕಾರ್ಮಿಕರ ಪ್ರೇಮದ ಜೊತೆಗೆ, ಯುದ್ಧದಲ್ಲಿ ಕಣ್ಮರೆಯಾದ ತಂದೆಯ ಅಸ್ಥಿಯ ಹುಡುಕಾಟವನ್ನು ಹೆಣೆದಿದೆ. ಕ್ಯಾನ್‌ನಲ್ಲಿ ತೆರೆಕಂಡ ಅದಕ್ಕೂ ಸ್ವದೇಶದಲ್ಲಿ ಪ್ರದರ್ಶನಕ್ಕೆ ಅನುಮತಿ ಸಿಗಲಿಲ್ಲ. ಅದೇ ಹೊತ್ತಿಗೆ, 1972ರ ಕ್ವಾಂಗ್ ಟ್ರಿ ಕೋಟೆಯ 81 ದಿನಗಳ ಕದನವನ್ನು ಕುರಿತು ಸೇನೆಯ ಚಿತ್ರ ಸಂಸ್ಥೆ ತಯಾರಿಸಿದ 'ರೆಡ್ ರೈನ್' 2025ರಲ್ಲಿ ಅಲ್ಲಿನ ಗಳಿಕೆಯ ದಾಖಲೆಗಳನ್ನೆಲ್ಲ ಮುರಿಯಿತು. ಯುದ್ಧ ಕಾಣದ ತಲೆಮಾರಿನವರೂ ಚಿತ್ರಮಂದಿರಗಳ ಮುಂದೆ ಸಾಲು ನಿಂತರೆಂಬುದು ಅಲ್ಪ ವಿಷಯವಲ್ಲ.

ಕೊನೆಯದಾಗಿ, ಬಹುಸಂಖ್ಯಾತ ಕಿನ್ ಜನರ ಆಚೆಗೂ ವಿಯೆಟ್ನಾಮಿನಲ್ಲಿ 53 ಸಮುದಾಯಗಳಿವೆ. ಟಾಯ್ ಸಮುದಾಯದ ಹಾ ಲೆ ಡಿಯೆಮ್ ಅವರ 2021ರ ಸಾಕ್ಷ್ಯಚಿತ್ರ 'ಚಿಲ್ಡ್ರನ್ ಆಫ್ ದ ಮಿಸ್ಟ್', ಉತ್ತರದ ಬೆಟ್ಟಗಳಲ್ಲಿ ವಾಸಿಸುವ ಹ್ಮೊಂಗ್ ಬಾಲಕಿ ಡಿಯನ್ನು ಕೆಲವು ವರ್ಷ ಹಿಂಬಾಲಿಸುತ್ತದೆ. ಹೊಸ ವರ್ಷದ ಹಬ್ಬದ ಹೊತ್ತಿಗೆ ಹುಡುಗ ಹುಡುಗಿಯನ್ನು ಎಳೆದುಕೊಂಡು ಹೋಗಿ ಮದುವೆಗೆ ಒತ್ತಾಯಿಸುವ ಪದ್ಧತಿ ಅಲ್ಲಿದೆ. ಓದಬೇಕೆನ್ನುವ ಡಿಯನ್ನು ಹುಡುಗನ ಕಡೆಯವರು ಎಳೆಯುತ್ತಿರುವಾಗ ಅವಳು ಕ್ಯಾಮೆರಾ ಹಿಡಿದ ನಿರ್ದೇಶಕಿಯ ಹೆಸರು ಕೂಗಿ ಸಹಾಯ ಬೇಡುತ್ತಾಳೆ, ಚಿತ್ರ ಅಲ್ಲಿ ಅಲುಗಾಡಿಹೋಗುತ್ತದೆ. ಆಸ್ಕರ್ ಸಾಕ್ಷ್ಯಚಿತ್ರ ವಿಭಾಗದ ಆಯ್ಕೆಪಟ್ಟಿಗೆ ಸೇರಿದ ಮೊದಲ ವಿಯೆಟ್ನಾಮಿ ಚಿತ್ರ ಇದು.

ನಿಮ್ಮ ಮಗಳ ಜೊತೆ 'ವೆನ್ ದ ಟೆಂತ್ ಮಂತ್ ಕಮ್ಸ್', 'ದ ಲಿಟಲ್ ಗರ್ಲ್ ಆಫ್ ಹನೋಯಿ', 'ಡೋಂಟ್ ಬರ್ನ್' ಮೂರನ್ನೂ ಸಂಕೋಚವಿಲ್ಲದೆ ನೋಡಬಹುದು. 'ಚಿಲ್ಡ್ರನ್ ಆಫ್ ದ ಮಿಸ್ಟ್' ಅವಳದೇ ವಯಸ್ಸಿನ ಹುಡುಗಿಯದಾದ್ದರಿಂದ ಅವಳು ನೋಡಲೇಬೇಕಾದದ್ದು. ಆದರೆ ಮೊದಲು ನೀವೊಬ್ಬರೇ ನೋಡಿ, ಎಳೆದಾಟದ ಆ ದೃಶ್ಯದ ಬಗ್ಗೆ ಅವಳಿಗೆ ಮುಂಚೆಯೇ ಹೇಳಿ ಕೂರಿಸಿ. 'ಸಿಕ್ಲೋ' ಮತ್ತು 'ವಿಯೆಟ್ ಅಂಡ್ ನಾಮ್' ಎರಡನ್ನೂ ದೊಡ್ಡವರಿಗೆಂದು ಇಟ್ಟುಕೊಳ್ಳಿ.